ಪಾರವ್ವನ ಗುಬ್ಬಿಹೆಜ್ಜೆ ಸೀರೆ

ಮೂಡಲಗಿಯ ನೇಕಾರ ಹೊಳೆಪ್ಪನನ್ನು ಕೆಟ್ಟವನು ಅಂದವರು ಆ ಊರಲ್ಲಿ ಒಬ್ಬರೂ ಇರಲಿಲ್ಲ. ಕುಡಿಯಲಿಲ್ಲ, ಇಸ್ಪೀಟು ಮುಟ್ಟಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಲಿಲ್ಲ, ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕಲಿಲ್ಲ. ಇಂಥವರನ್ನು ಕಂಡರೇ ಸ್ವಲ್ಪ ಹುಷಾರಾಗಿರಬೇಕು ನೋಡಿ. ಕುಡುಕನ ತಪ್ಪು ಬೀದಿಯಲ್ಲೇ ಬಿದ್ದಿರುತ್ತದೆ, ಜನ ದಾಟಿಕೊಂಡು ಹೋಗುತ್ತಾರೆ. ಒಳ್ಳೆಯವನ ತಪ್ಪು ಮನೆಯೊಳಗಿರುತ್ತದೆ. ಅದರ ಜೊತೆ ಬಾಳುವೆ ಮಾಡಿದವರಿಗಷ್ಟೇ ಅದು ಗೊತ್ತು.

ಅವನ ಅಪ್ಪ ದುಂಡಪ್ಪ ಗುಬ್ಬಿಹೆಜ್ಜೆ ಸೀರೆ ನೇಯುತ್ತಿದ್ದ. ಹಸಿರು ಒಡಲು, ಕೆಂಪು ರೇಷ್ಮೆಯ ಸೆರಗು, ಸೆರಗಿನ ತುಂಬ ಬಿಳಿ ಎಳೆಯಲ್ಲಿ ಪುಟ್ಟಪುಟ್ಟ ಹೆಜ್ಜೆ. ಬೀಸುಕಲ್ಲಿನ ಸುತ್ತ ಚೆಲ್ಲಿದ ಹಿಟ್ಟಿನ ಮೇಲೆ ಗುಬ್ಬಿ ಓಡಾಡಿ ಹೋದ ಹಾಗೆ. ಒಂದು ಕಾಲಕ್ಕೆ ಹುಕ್ಕೇರಿಯಿಂದ ಕುಲಗೋಡದವರೆಗೆ ಮದುಮಗಳೆಂದರೆ ಮೈಮೇಲೆ ಆ ಸೀರೆಯೇ. ಹಾಗಾದರೆ ಅಷ್ಟೂ ಸೀರೆ ಎಲ್ಲಿ ಹೋದವು? ಮಣ್ಣಿಗೆ ಹೋದವು. ಗಂಡ ಇರುವಾಗಲೇ ಕಣ್ಣು ಮುಚ್ಚಿದ ಮುತ್ತೈದೆಗೆ ಅವಳ ಮದುವೆಯ ಸೀರೆಯನ್ನೇ ಉಡಿಸಿ, ಉಡಿ ತುಂಬಿ, ಮಣ್ಣಲ್ಲಿ ಕೂರಿಸುವುದು ಆ ಸೀಮೆಯ ರೂಢಿ. ಗಂಡ ಮೊದಲು ಸತ್ತರೆ ಅವಳ ಸೀರೆ ತುಂಡಾಗಿ ಕೌದಿಯ ಹೊದಿಕೆಗೆ. ಹೀಗೆ ಅರ್ಧ ಮಣ್ಣಿಗೆ, ಅರ್ಧ ಕೌದಿಗೆ ಹೋಗಿ ಗುಬ್ಬಿಹೆಜ್ಜೆ ಎಂಬುದು ಮುದುಕಿಯರ ಬಾಯಲ್ಲಿ ಉಳಿದ ಹೆಸರಾಯಿತು.

ದುಂಡಪ್ಪ ಮಗನನ್ನು ಮಗ್ಗದ ಮಗ್ಗುಲಿಗೆ ಕೂರಿಸಿಕೊಳ್ಳಲು ಕರೆದೂ ಕರೆದೂ ಸೋತ. ಹೊಳೆಪ್ಪನಿಗೆ ಆಗ ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಪಗಾರದ ಹುಚ್ಚು. "ಒಂದ ಸೆರಗಿಗೆ ತಿಂಗಳ ಕುಂದರೂದು ಯಾವ ಶಾಣ್ಯಾತನಪಾ?" ಎಂದು ಅಪ್ಪನಿಗೇ ಬುದ್ಧಿ ಹೇಳಿ ಹೋದ. ಮುದುಕ ಮಗನ ಲಗ್ನಕ್ಕೆ ಒಂದೇ ಒಂದು ಗುಬ್ಬಿಹೆಜ್ಜೆ ಸೀರೆ ನೇಯ್ದು ಸೊಸೆ ಪಾರವ್ವನಿಗೆ ಉಡಿಸಿದ. ಊರೂರನ್ನೇ ಮಲಗಿಸಿದ ಆ ದೊಡ್ಡ ಜ್ವರದ ವರ್ಷ ತಾನೂ ಹೋದ. ಅವನ ಕೈಯ ವಿದ್ಯೆಯೂ ಅವನ ಜೊತೆಗೇ ಹೋಯಿತು. ಆಮೇಲೆ ಮಗರಾಯರು ಗಿರಣಿ ಬಿಟ್ಟು ಬಂದು ಅಪ್ಪನ ಮಗ್ಗಕ್ಕೆ ಇಳಿದರು! ಇಳಿದು ನೇಯ್ದದ್ದು ಸಾದಾ ಸೀರೆ, ಪಂಚೆ, ಟವೆಲು. ಅಪ್ಪನ ಮಾತು ಕೇಳಲಿಲ್ಲವೆಂಬ ಮುಳ್ಳು ಮಾತ್ರ ಒಳಗೆ ಮುರಿದು ಕೂತಿತ್ತು.

ಆ ಮುಳ್ಳನ್ನು ಕೆದಕಿದವನು ಹುಕ್ಕೇರಿಯ ಜವಳಿ ವ್ಯಾಪಾರಿ ರಾವಸಾಹೇಬ. ಜೈನರ ಸಾವಕಾರ, ಒಳ್ಳೆಯ ಮಾತಿನವನು. ಅಂಕಲಗಿಗೆ ಹೋಗಿದ್ದವನು ಮೂಡಲಗಿಗೂ ಬಂದು ಹೊಳೆಪ್ಪನ ಕಟ್ಟೆಯ ಮೇಲೆ ಕೂತ.

"ನಿಮ್ಮಪ್ಪ ನೇಯತಿದ್ದ ಗುಬ್ಬಿಹೆಜ್ಜಿ ಸೀರಿ ನಿನಗ ಬರತೈತೇನಪಾ? ನಮ್ಮವ್ವ ಉಡತಿದ್ದಳು. ಅದು ಆಕಿ ಜೋಡಿ ಬೆಂಕ್ಯಾಗ ಹೋತು. ಈಗ ಮಗಳು ಪದ್ಮವ್ವ ಲಗ್ನಕ್ಕ ಅಜ್ಜಿ ಉಟ್ಟಂಥಾದ್ದೇ ಬೇಕು ಅಂತ ಕುಂತಾಳ."

ಬರುವುದಿಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೊಳೆಪ್ಪ, "ಯಾಕ ಬರೂದಿಲ್ರಿ ಸಾವಕಾರ್ರ? ದುಂಡಪ್ಪನ ಮಗ ಅದೇನಿ ನಾ," ಎಂದುಬಿಟ್ಟ. ಬಾಯಿಂದ ಬಿದ್ದ ಮಾತು ಹಿಂದಕ್ಕೆ ಬರುವುದುಂಟೇ?

ಸಾವಕಾರ ಹೋದಮೇಲೆ ಪಾರವ್ವನ ಟ್ರಂಕು ತೆಗೆದು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಮೇಲೆ ನೋಡಿದರೆ ಕಾಣುವುದು ಹೆಜ್ಜೆ. ಆ ಎಳೆ ಎಲ್ಲಿಂದ ಎದ್ದಿತು, ಯಾವುದರ ಕೆಳಗೆ ನುಸುಳಿತು, ಎಲ್ಲಿ ಮುಳುಗಿತು ಎಂಬುದು ಒಳಗಿನ ಮಾತು. ಸೆರಗಿನ ಆಚೆ ಈಚೆ ಎರಡೂ ಬದಿ ಒಂದೇ ಥರ. ಮುದುಕ ಸುಳಿವು ಬಿಡದ ಹಾಗೆ ನೇಯ್ದಿದ್ದ. ತಿಳಿಯಬೇಕೆಂದರೆ ಒಂದೇ ದಾರಿ: ಸೆರಗಿನ ತುದಿಯಿಂದ ಎಳೆ ಎಳೆಯಾಗಿ ಬಿಚ್ಚಬೇಕು.

ಪಾರವ್ವನಿಗೆ ಆಗಲೇ ಕ್ಷಯ. ಕೆಮ್ಮಿದರೆ ಬಟ್ಟೆಗೆ ನೆತ್ತರು ಬೀಳುತ್ತಿತ್ತು. ಮಕ್ಕಳಿಲ್ಲ, ತವರಲ್ಲಿ ಕೇಳುವವರಿಲ್ಲ, ಮೈಮೇಲೆ ತಾಳಿ ಬಿಟ್ಟರೆ ಗುಂಜಿ ಬಂಗಾರವಿಲ್ಲ. ತಾನು ಏಳುವವಳಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದಕ್ಕೆ ಅತ್ತವಳೂ ಅಲ್ಲ. ಆದರೆ ಗಂಡ ಸೀರೆಯ ತುದಿಗೆ ಸೂಜಿ ಹಾಕಿದ್ದು ಕಂಡು ಹಾಸಿಗೆಯಿಂದ ಎದ್ದು ಕೂತಳು.

"ಬ್ಯಾಡ್ರಿ. ನಿಮ್ಮ ಕಾಲ ಬೀಳತೀನಿ, ಅದನ್ನ ಬಿಚ್ಚಬ್ಯಾಡ್ರಿ. ಮಾವ ನನ್ನ ಸಲುವಾಗಿ ಅಂತ ನೇಯ್ದದ್ದು ಅದೊಂದ. ಅದನ್ನ ಉಟಗೊಂಡ ಮಣ್ಣಿಗಿ ಹೊಕ್ಕೇನಿ. ಮತ್ತೇನೂ ಕೇಳಾಂಗಿಲ್ಲ ನಾ."

"ಹುಚ್ಚಿ! ಬಿಚ್ಚೂದು ಕಲಿಯಾಕ. ಕಲತು ನಿನಗ ಇದಕಿಂತ ಚಲೋದು ನೇಯ್ದ ಕೊಡತೀನಿ. ನನ್ನ ಕೈಯಾರೆ ಉಡಸ್ತೀನಿ. ಲಿಂಗದ ಮ್ಯಾಲಾಣಿ."

ಕೊರಳಿನ ಲಿಂಗ ಹಿಡಿದು ಆಣೆ ಮಾಡಿದ. ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಅಷ್ಟನ್ನು ಒಪ್ಪಲೇಬೇಕು. ಪಾರವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಮಲಗಲು ಬಿಟ್ಟನೇ? ಬಿಚ್ಚಿದ ರೇಷ್ಮೆಯ ಎಳೆ ಸಿಕ್ಕಾಗಬಾರದು, ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಬೇಕು. ನೇಕಾರರ ಮನೆಯಲ್ಲಿ ಅದು ಹೆಂಗಸರ ಕೆಲಸ. "ಹೆಂಗೂ ಕೈ ಖಾಲಿ ಐತಲ್ಲ, ಇದನ್ನ ಸುತ್ತು," ಎಂದು ಕಂಡಿಕೆಯನ್ನು ಅವಳ ಹಾಸಿಗೆಯ ಮೇಲಿಟ್ಟ. ಅವನು ಎಳೆದ, ಅವಳು ಸುತ್ತಿದಳು. ಮಣ್ಣಿಗೆ ಉಟ್ಟು ಹೋಗಬೇಕಿದ್ದ ಸೀರೆ ಅವಳ ಕೈಯಿಂದಲೇ ಕಂಡಿಕೆಯಾಯಿತು. ಕೆಮ್ಮು ಬಂದಾಗ ನೂಲಿಗೆ ತಾಗದಿರಲೆಂದು ಆಚೆ ತಿರುಗುತ್ತಿದ್ದಳು ಆ ತಾಯಿ. ಹೊಳೆಪ್ಪ ಅದನ್ನು ನೋಡಿ, "ಹಾಂ, ಹಂಗ. ನೂಲಿಗೆ ಕಲಿ ಬೀಳಬಾರ್ದು," ಎಂದ. ಥೂ!

ಆ ದಿನಗಳಲ್ಲಿ ಪಾರವ್ವನ ಬಳಿ ಸುಳಿದವಳು ಅಗಸರ ಲಕ್ಕವ್ವ ಒಬ್ಬಳೇ. ನೆರೆಯವರು ಹೊಸ್ತಿಲ ಆಚೆ ನಿಂತು ಮಾತಾಡಿಸಿ ಹೋಗುವರು. ಲಕ್ಕವ್ವ ಒಳಗೆ ಬಂದು ನೆತ್ತರಿನ ಬಟ್ಟೆ ಒಯ್ದು, ಕುದಿಸಿ, ಒಗೆದು, ಮಡಚಿ ತರುವಳು. ಬಂದಾಗಲೆಲ್ಲ ಪಾರವ್ವನ ತಲೆ ಬಾಚುವಳು. ಸೀರೆಯ ಮಾತನ್ನು ಪಾರವ್ವ ಬಾಯಿಬಿಟ್ಟು ಹೇಳಿಕೊಂಡದ್ದು ಅವಳೊಬ್ಬಳ ಹತ್ತಿರ.

ಬಿಚ್ಚಿ ಬಿಚ್ಚಿ ಹೊಳೆಪ್ಪನಿಗೆ ಗುಟ್ಟು ಸಿಕ್ಕಿತು. ಸಿಕ್ಕಾಗ ಹುಡುಗನಂತೆ ಕೇಕೆ ಹಾಕಿದ. ಅಂಗಡಿಯ ರೇಷ್ಮೆ ತಂದು ಸಾವಕಾರನ ಸೀರೆ ನೇಯ್ದ. ಪದ್ಮವ್ವನ ಲಗ್ನದಲ್ಲಿ ಹುಕ್ಕೇರಿಯ ಹೆಂಗಸರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ದುಂಡಪ್ಪನ ಕೈ ಮಗನಿಗೆ ಬಂತು ಎಂದು ಮುದುಕಿಯರು ನೆಟಿಗೆ ಮುರಿದರು. ಹೊಳೆಪ್ಪನಿಗೆ ಮಾತ್ರ ಗೊತ್ತು, ಅದು ಆ ಸೀರೆ ಅಲ್ಲ. ಹೆಜ್ಜೆ ಸರಿ, ಕೆಂಪು ಸರಿಯಿಲ್ಲ. ಅಂಗಡಿಯ ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಅಪ್ಪ ಬೇರು ಕುದಿಸಿ ಕಟ್ಟುತ್ತಿದ್ದ ಕೆಂಪು ಈಗ ಆ ಕಂಡಿಕೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲೇ ಇರಲಿಲ್ಲ.

ಪಾರವ್ವನ ಸೀರೆಗೆ ಅದೇ ನೂಲನ್ನು ಹಾಕಿದ. ಹರಿದಲ್ಲಿ ಗಂಟು ಕಾಣದಂತೆ ಹೊಸೆದು, ಉಗುರಿನಿಂದ ತೀಡಿ, ಒಂದೊಂದು ಹೆಜ್ಜೆಗೂ ಉಸಿರು ಹಿಡಿದು ನೇಯ್ದ. ಸುಳ್ಳು ಯಾಕೆ ಹೇಳಬೇಕು, ಅಂಥ ಸೆರಗು ದುಂಡಪ್ಪನೂ ನೇಯ್ದಿರಲಿಲ್ಲ. ಮಗ್ಗದಿಂದ ಇಳಿಸಿದ ದಿನ ರಾವಸಾಹೇಬ ಬಂದವನು ಎದ್ದು ನಿಂತುಬಿಟ್ಟ.

"ಯಾರ ಸಲುವಾಗಿ ಇದು?"

"ಮನ್ಯಾಕಿ ಸಲುವಾಗ್ರಿ. ಆಕಿ ಮಣ್ಣಿನ ಸೀರಿ."

"ಇದನ್ನ ಮಣ್ಣಾಗ ಇಡತೀ? ಹುಚ್ಚಗಿಚ್ಚ ಹಿಡದೈತೇನ ನಿನಗ? ಇದನ್ನ ನೋಡಿದವರು ನಾಳೆ ನಿನ್ನ ಬಾಗಲಾಗ ಸಾಲಿಟ್ಟ ನಿಲ್ಲತಾರ."

ಹೊಳೆಪ್ಪ ನಕ್ಕ. ಆದರೆ ಆ ಮಾತು ಕಿವಿಯಲ್ಲಿ ಗೂಡು ಕಟ್ಟಿತು. ಮಾರುವ ಆಸೆ ಅವನಿಗಿರಲಿಲ್ಲ. ಮಗ್ಗದ ಎದುರಿನ ಗೋಡೆಗೆ ಅದನ್ನು ಇಳಿಬಿಡಬೇಕು, ಬಂದವರು ನೋಡಬೇಕು, ಅಪ್ಪನ ಮಾತು ಮೀರಿದವನು ಅಪ್ಪನನ್ನೇ ಮೀರಿಸಿದ ಎನ್ನಬೇಕು. ಸೀರೆಯನ್ನು ಹೆಂಡತಿಗೆ ತೋರಿಸದೆ ಟ್ರಂಕಿನಲ್ಲಿಟ್ಟ. "ಆತೇನ್ರಿ?" ಎಂದು ಅವಳು ದಿನಾ ಕೇಳುವಳು. "ಇನ್ನ ಸ್ವಲ್ಪ ಐತಿ," ಎಂದು ಇವನು ದಿನಾ ಹೇಳುವನು. ಮಗ್ಗದ ಮೇಲೆ ಬೇರೆಯವರ ಸೀರೆಗೆ ಹಾಸು ನೂಲು ಹೂಡಿದ್ದು ಅವಳಿಗೆ ಮಲಗಿದಲ್ಲಿಂದಲೇ ಕಾಣುತ್ತಿತ್ತು. ನೇಕಾರನ ಹೆಂಡತಿಗೆ ಮಗ್ಗದ ಸಪ್ಪಳ ತಿಳಿಯದೇ? ಆದರೂ ಕೇಳುವಳು.

ಪಾರವ್ವನ ಉಸಿರು ಮೇಲೆ ಮೇಲೆ ಬರತೊಡಗಿದ ಮುಂಜಾನೆ ಹೊಳೆಪ್ಪ ಒಂದು ಉಪಾಯ ಹೂಡಿದ. ಉಡಿಸುತ್ತೇನೆಂದು ಆಣೆ ಮಾಡಿದ್ದಾನೆ, ಸರಿ. ಜೀವ ಇರುವಾಗಲೇ ಉಡಿಸಿದರೆ ಆಣೆ ತೀರಿತು. ಜೀವ ಹೋದಮೇಲೆ ಹೇಗೂ ಮೈ ತೊಳೆಯಲು ಉಟ್ಟದ್ದನ್ನು ಬಿಚ್ಚುತ್ತಾರೆ. ಆಗ ಬೇರೆ ಸೀರೆ ಉಡಿಸಿದರೆ ಕೇಳುವವರು ಯಾರು? ಲಿಂಗಕ್ಕೂ ಲೆಕ್ಕ ಒಪ್ಪಿಸಿದ ಹಾಗಾಯಿತು, ಸೀರೆಯೂ ಉಳಿಯಿತು. ಎಷ್ಟು ಜಾಣ ನೋಡಿ.

ಸೀರೆ ತಂದು ಲಕ್ಕವ್ವನನ್ನು ಕರೆದು ಇಬ್ಬರೂ ಸೇರಿ ಉಡಿಸಿದರು. ಪಾರವ್ವನ ಮೈ ಅಂದರೆ ಎಲುಬಿನ ಗೂಡು. ನಿರಿಗೆ ನಿಲ್ಲಲು ಸೊಂಟವೇ ಇರಲಿಲ್ಲ. ಸೆರಗನ್ನು ಎದೆಯ ಮೇಲೆ ಎಳೆದುಕೊಂಡು ಬೆರಳಿನಿಂದ ಹೆಜ್ಜೆಗಳನ್ನು ಸವರಿದಳು. "ಮಾವನ ಕೆಂಪು," ಎಂದಳು. ಅವಳ ಮುಖ ಅರಳಿದ್ದು ಹೊಸ್ತಿಲಾಚೆಯ ನೆರೆಹೊರೆಯವರಿಗೂ ಕಂಡಿತು. "ಎಂಥಾ ಗಂಡನ ಪಡದಾಳವ್ವಾ!" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಹೊಳೆಪ್ಪ ಜಂಗಮ ಐನೋರನ್ನು ಕರೆಯಲು ಹೋದ. ಬರುವಷ್ಟರಲ್ಲಿ ಪ್ರಾಣ ಹೋಗಿತ್ತು.

ನೀರು ಕಾದವು. ಓಣಿಯ ಹಿರಿಯರು ಕಟ್ಟೆಯ ಮೇಲೆ ಕೂತರು. ಹೊಳೆಪ್ಪ ಒಳಗೆ ಹೋಗಿ ಲಕ್ಕವ್ವನ ಕೈಗೆ ಒಂದು ಗಿರಣಿ ಸೀರೆ ಕೊಟ್ಟ. ಹೊರಗಿನವರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಪ್ರಾಣ ಹೋಗುವಾಗ ಉಟ್ಟದ್ದೆಲ್ಲಾ ಹೊಲಸಾಗೇತಿ. ಹಂಗ ಒಯ್ಯಾಕ ಬರೂದಿಲ್ಲ. ಮೈ ತೊಳದು ಇದನ್ನ ಉಡಸ್ರಿ."

ಲಕ್ಕವ್ವ ಪಾರವ್ವನ ಮೈಮೇಲಿನ ಸೀರೆಯನ್ನು ನೋಡಿದಳು. ಕಲೆಯಿಲ್ಲ, ಒದ್ದೆಯಿಲ್ಲ, ಆಗಷ್ಟೇ ಟ್ರಂಕಿನಿಂದ ತೆಗೆದ ಹಾಗಿತ್ತು. ಹೊಳೆಪ್ಪನ ಮುಖ ನೋಡಿದಳು. ಅವನು ನೆಲ ನೋಡಿದ. ಲಕ್ಕವ್ವ ಮೈ ತೊಳೆದಳು, ಗಿರಣಿ ಸೀರೆ ಉಡಿಸಿದಳು, ಹಣೆಗೆ ವಿಭೂತಿ ಹಚ್ಚಿದಳು. ಆಮೇಲೆ ಗುಬ್ಬಿಹೆಜ್ಜೆ ಸೀರೆಯನ್ನು ಮಡಚಿ ತನ್ನ ಗಂಟಿಗೆ ಹಾಕಿಕೊಂಡಳು.

"ಏ, ಅದನ್ನ ಇಲ್ಲೇ ಬಿಡ," ಎಂದ ಹೊಳೆಪ್ಪ.

"ಯಾಕ ಬಿಡ್ಲಿ? ಸತ್ತ ಮೈಮ್ಯಾಲಿನ ಅರಿವಿ ಅಗಸರದು. ನಮ್ಮತ್ತಿ ಕಾಲದಿಂದ ಬಂದ ಹಕ್ಕ."

"ತೊಳದ ನಾನ ಇಟಗೋತೀನಿ..."

"ಹೊಲಸಾಗೇತಿ ಅಂತ ಈಗ ನೀವ ಅಂದ್ರಲ್ರಿ. ಹೊಲಸ ಅರಿವಿ ನಿಮಗ್ಯಾಕ?"

ಹೊಳೆಪ್ಪ ಹಿರಿಯರ ಕಡೆ ತಿರುಗಿದ. ಹಿರಿಯರಿಗೆ ಮಣ್ಣಿನ ಹೊತ್ತು ಮೀರುವ ಚಿಂತೆ. "ಆಕಿ ಹಕ್ಕ ಐತಿ, ಒಯ್ಲಿ ಬಿಡಪಾ. ಹೆಣದ ಮುಂದ ಅರಿವಿ ಸಲುವಾಗಿ ಜಗಳಾಡತೀಯೇನ?" ಎಂದರು. ಶರಣರು ಸೂತಕ ಇಲ್ಲ ಎಂದಿದ್ದರು. ಅಗಸರ ಹಕ್ಕು ಇಲ್ಲ ಎಂದೇನೂ ಹೇಳಿರಲಿಲ್ಲ. ಐನೋರೂ ತಲೆ ಆಡಿಸಿದರು. ತಾನೇ ಆಡಿದ ಸುಳ್ಳು ಹೊಳೆಪ್ಪನ ಬಾಯಿಗೆ ಬಟ್ಟೆ ತುರುಕಿತ್ತು. ಸೀರೆ ಸ್ವಚ್ಛವಿದೆ ಎಂದರೆ, ಮತ್ತೆ ಅವಳಿಗೇ ಯಾಕೆ ಉಡಿಸಲಿಲ್ಲ ಎಂದು ಕೇಳುತ್ತಾರೆ. ಪಾರವ್ವನನ್ನು ಗಿರಣಿ ಸೀರೆಯಲ್ಲಿ ಹೊತ್ತೊಯ್ದು ಮಣ್ಣಲ್ಲಿ ಕೂರಿಸಿದರು. ಹೊಳೆಪ್ಪ ಬಿಕ್ಕಿ ಬಿಕ್ಕಿ ಅತ್ತ. ಯಾವುದಕ್ಕೆ ಅತ್ತ ಎಂದು ಯಾರೂ ಕೇಳಲಿಲ್ಲ, ಕೇಳುವ ಪದ್ಧತಿಯೂ ಇಲ್ಲ.

ಮರುದಿನದಿಂದ ಅವನಿಗೆ ಅನ್ನ ಸೇರಲಿಲ್ಲ. ಹೆಂಡತಿಯ ದುಃಖ ಎಂದರು ಜನ. ಅವನ ಕಣ್ಣೆದುರು ಇದ್ದದ್ದು ಒಗೆಯುವ ಬಂಡೆ. ಲಕ್ಕವ್ವ ಆ ಸೀರೆ ಉಟ್ಟು ಹಳ್ಳಕ್ಕೆ ಇಳಿದಾಳು, ಸವಳು ಮಣ್ಣು ಹಚ್ಚಿ ಬಂಡೆಗೆ ಬಡಿದಾಳು, ಹರಿದು ಕತ್ತೆಯ ಬೆನ್ನಿಗೆ ಹೊದಿಸಿಯಾಳು. ಇದ್ದ ಬಿದ್ದ ನೂಲೆಲ್ಲ ಕೂಡಿಸಿ ಹೊಸ ಸೀರೆಯೊಂದನ್ನು ನೇಯ್ದು ಒಯ್ದು, ಅದನ್ನು ತಗೊಂಡು ಇದನ್ನು ಕೊಡು ಎಂದ. ಲಕ್ಕವ್ವ ಕೈಯಿಂದ ಮುಟ್ಟಲಿಲ್ಲ. ಎರಡನೇ ಸಲ ಹೋದಾಗ ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದೆ ಸರಿದಳು.

"ನಾ ಅದನ್ನ ಉಟ್ಟಿಲ್ಲ, ಹರದಿಲ್ಲ. ಗಡಿಗ್ಯಾಗ ಇಟ್ಟೇನಿ. ಕೊಡತೀನಿ ತಗೋರಿ. ಆದ್ರ ನಿಮ್ಮ ಮನೀಗಲ್ಲ. ನಾಳೆ ಹೊತ್ತ ಹೊಂಡೂದಕ್ಕ ಸುಡಗಾಡಕ ಬರ್ರಿ. ಆಕಿ ಕುಂತ ಜಾಗಾದಾಗ ಮೊಳಾ ಮಣ್ಣ ತಗದು ನಿಮ್ಮ ಕೈಯಾರೆ ಇಡ್ರಿ. ಅಷ್ಟ."

"ಹೂಂ," ಎಂದ ಹೊಳೆಪ್ಪ. ಸೀರೆ ಕೈಗೆ ಬಂದರೆ ಸಾಕಿತ್ತು ಅವನಿಗೆ.

ಹೊತ್ತು ಮೂಡುವಾಗ ಇಬ್ಬರೂ ಬಂದರು. ಗುದ್ದಲಿ ಹಿಡಿದವಳು ಲಕ್ಕವ್ವ. ಪಾರವ್ವನ ಸಮಾಧಿಯ ತಲೆಯ ಕಡೆ ಮಣ್ಣು ಇನ್ನೂ ಸಡಿಲವಿತ್ತು. ಅಗೆದು, ಕೈಯಿಂದ ಮಣ್ಣು ಬಾಚಿ, ಗಂಟು ಬಿಚ್ಚಿ ಸೀರೆಯನ್ನು ಅವನ ಕೈಗೆ ಕೊಟ್ಟಳು.

"ಇಡ್ರಿ."

ಹೊಳೆಪ್ಪ ಮಂಡಿಯೂರಿದ. ಸೆರಗಿನ ಮಡಿಕೆ ಜಾರಿ ತೆರೆಯಿತು. ಎಳೆಬಿಸಿಲು ಕೆಂಪಿನ ಮೇಲೆ ಬಿತ್ತು. ಅವನ ಹೆಬ್ಬೆರಳು ತಾನಾಗಿಯೇ ಹೆಜ್ಜೆಯಿಂದ ಹೆಜ್ಜೆಗೆ ಓಡಿತು. ಒಂದು ಮೊಳದಷ್ಟು ಆಳದ ತಗ್ಗು ಅದು, ಕೈ ಚಾಚಿದರೆ ಮುಗಿಯುತ್ತಿತ್ತು. ಕೈ ಚಾಚಲಿಲ್ಲ.

"ಇವತ್ತ ಬ್ಯಾಡ ಲಕ್ಕವ್ವಾ. ನಾಳೆ ಇಡೋಣು."

"ನಾಳೆ ಇಡಾವರಲ್ಲ ನೀವು."

"ಇಟ್ರ ಮುಗೀತಲ್ಲವ್ವಾ!" ಹೊಳೆಪ್ಪ ಒದರಿದ. "ಆಕಿ ಹೋದಾಕಿ ಹೋದಳು, ಇದನ್ನ ಇಟ್ರ ಎದ್ದ ಬರ್ತಾಳೇನ? ಇದು ಇನ್ನೂ ಐತಿ. ಇರೂದನ್ನ ಹೆಂಗ ಹುಗೀಲಿ? ಅಪ್ಪನ ಕೆಂಪು ಇದೊಂದ ಉಳದೈತಿ!"

ಲಕ್ಕವ್ವ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ನೀವು ಐನೋರನ್ನ ಕರಿಯಾಕ ಹ್ವಾದಾಗ ಪಾರವ್ವ ಒಂದ ಮಾತ ಅಂದಳು. ಹೇಳಬಾರ್ದಂತ ಇದ್ದೆ. 'ಅವರ ಕಣ್ಣ ಈ ಸೀರಿ ಮ್ಯಾಲ ಐತಿ ಲಕ್ಕವ್ವಾ, ನನಗ ಗೊತ್ತೈತಿ. ನೇಯ್ದ ಮುಗಿಸಿ ಎಷ್ಟ ದಿನಾ ಆತು ಅನ್ನೂದೂ ಗೊತ್ತೈತಿ. ಪಾರೂ, ಇದನ್ನ ನನಗ ಬಿಟ್ಟ ಹೋಗು ಅಂತ ಒಂದ ಮಾತ ಕೇಳಿದ್ರ, ನಗಕೋತ ಬಿಟ್ಟ ಹೋಗತಿದ್ದೆ. ಕೇಳಲಿಲ್ಲ ನೋಡು,' ಅಂದಳು. ಅಂದ ಜೀವಾ ಬಿಟ್ಟಳು."

ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡಳು.

"ಒಯ್ರಿ ಅದನ್ನ. ನನ್ನ ಹಕ್ಕ ನಾ ಬಿಟ್ಟೆ. ಇನ್ನ ಮ್ಯಾಲ ನಿಮ್ಮ ಮನಿ ಅರಿವಿ ನಮ್ಮ ಮನೀಗಿ ಕಳಸಬ್ಯಾಡ್ರಿ."

ತಿರುಗಿ ನೋಡದೆ ಹೋದಳು. ಹೊಳೆಪ್ಪ ಸೀರೆಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಧೋತರದ ಸೆರಗು ಮುಚ್ಚಿದ. ತೆರೆದ ತಗ್ಗು ಹಾಗೇ ಬಿದ್ದಿತ್ತು. ಯಾರಾದರೂ ನೋಡಿದರೆ ಏನೆಂದಾರು ಎಂದು ಒಂದು ಕೈಯಿಂದಲೇ ಮಣ್ಣು ಎಳೆದು ತುಂಬತೊಡಗಿದ.

ಪಕ್ಕದ ನಾಗನೂರ ದಾರಿಯಲ್ಲಿ ಮೇವಿನ ಹೊರೆ ಹೊತ್ತು ಬಂದ ರೈತ ಸೋಮಪ್ಪ ಇವನನ್ನು ಕಂಡು ನಿಂತ. ಗುರುತಿನವನು.

"ಹೊತ್ತ ಹೊಂಡೂದ್ರಾಗ ಬಂದ ಹೆಂಡತಿ ಮಣ್ಣ ಸರಿ ಮಾಡಾಕತ್ತೀಯೇನೋ ಹೊಳೆಪ್ಪಾ? ಪಾರವ್ವಕ್ಕಾರ ಪುಣ್ಯಾ ಮಾಡಿದ್ದರು ಬಿಡಪಾ. ಕೈಯಾರೆ ಸೀರಿ ನೇಯ್ದ ಉಡಿಸಿ ಕಳಿಸಿದಿಯಂತ, ನಮ್ಮೂರಾಗೂ ಅದ ಮಾತು. ಈಗಿನ ಕಾಲದಾಗ ಯಾರ ಮಾಡತಾರ ಹಂಗ?"

ಹೊಳೆಪ್ಪ ಕಂಕುಳನ್ನು ಬಿಗಿ ಹಿಡಿದ. ಮಣ್ಣಿನ ಕೈಯಿಂದ ಕಣ್ಣೊರೆಸಿಕೊಂಡ.

"ಹೌದಪಾ," ಎಂದ. "ಕೊಟ್ಟ ಮಾತ ನಡಸಬೇಕಲ್ಲ."